ಸೇಂಟ್ ಗಾಲ್ ನಕ್ಷೆಯ ಒಂದು ಪದ: ಮಠದ ಕುಶಲಕರ್ಮಿಗಳು ಯಾರು?

ಶಾಸನ ಅಂದ ಕೂಡಲೇ ಕಲ್ಲು, ತಾಮ್ರ ನೆನಪಾಗುತ್ತವೆ. ಆದರೆ ಚರ್ಮದ ಹಾಳೆಯ ಮೇಲಿನ ಚಿಕ್ಕ ಬರಹಗಳನ್ನೂ ಅದೇ ಎಚ್ಚರದಿಂದ ಓದಬೇಕು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಾಲಯದಲ್ಲಿ ಅಂಥದೊಂದು ನಕ್ಷೆ ಇದೆ. ರೈಖೆನೌ ಮಠದಲ್ಲಿ ಬರೆದು, ಸೇಂಟ್ ಗಾಲ್‌ನ ಮಠಾಧಿಪತಿ ಗೋಜ್‌ಬರ್ಟ್‌ಗೆ (ಅಧಿಕಾರ 816–837) ಕಳಿಸಿದ್ದು. ಐದು ತುಂಡು ಹೊಲಿದು ಮಾಡಿದ ಹಾಳೆ, ಕೆಂಪು ಗೆರೆಗಳು, 330ಕ್ಕೂ ಹೆಚ್ಚು ಲ್ಯಾಟಿನ್ ಬರಹಗಳು. ಹೀಗೇ ಕಟ್ಟಿದ ಮಠವಲ್ಲ ಇದು. ಮಠ ಹೇಗಿರಬೇಕು ಅನ್ನುವ ಚಿತ್ರ.

ಆ ಕಾಲದ ಮಠಗಳಿಗೆ ಕಾನೂನು 6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮ. 816–817ರ ಆಖನ್ ಸಭೆಗಳು ಅದನ್ನೇ ಸಾಮ್ರಾಜ್ಯದ ಮಠಗಳಿಗೆಲ್ಲ ಮಾದರಿ ಮಾಡಿದವು. ಅದರ 66ನೇ ಅಧ್ಯಾಯದ ಪ್ರಕಾರ ನೀರು, ಗಿರಣಿ, ತೋಟ, ಕೈಕಸುಬು ಎಲ್ಲವೂ ಆವರಣದೊಳಗೇ ಇರಬೇಕು. 57ನೇ ಅಧ್ಯಾಯ ಕಸುಬು ಬಲ್ಲ ಸನ್ಯಾಸಿಗಳದ್ದು: ವಿನಯದಿಂದ ಕೆಲಸ ಮಾಡಬೇಕು, ತನ್ನಿಂದಲೇ ಮಠಕ್ಕೆ ಲಾಭ ಅಂತ ಜಂಬ ಬಂದರೆ ಆ ಕಸುಬಿನಿಂದಲೇ ಬಿಡಿಸಬೇಕು, ಮಾಡಿದ್ದನ್ನು ಹೊರಗಿನವರಿಗಿಂತ ತುಸು ಕಡಿಮೆ ಬೆಲೆಗೆ ಮಾರಬೇಕು.

ಈಗ ನಕ್ಷೆಯ ಕಾರ್ಯಾಗಾರ ನೋಡಿ. ಚಮ್ಮಾರರು, ಜೀನು ಮಾಡುವವರು, ಮರ ಕಡೆಯುವವರು, ಚರ್ಮ ಹದ ಮಾಡುವವರು, ಅಕ್ಕಸಾಲಿಗರು, ಕಮ್ಮಾರರು, ಎಲ್ಲರಿಗೂ ಜಾಗ ಗುರುತಿಸಿದೆ. ಕತ್ತಿಗೆ ಸಾಣೆ ಹಿಡಿಯುವವರು, ಗುರಾಣಿ ಮಾಡುವವರೂ ಇದ್ದಾರೆ! ಅಂದಿನ ದೊಡ್ಡ ಮಠಗಳು ರಾಜನಿಗೆ ಯೋಧರನ್ನು ಒದಗಿಸಬೇಕಿತ್ತು ಅನ್ನೋದು ಗೊತ್ತಿದ್ದರೆ ಇದು ವಿಚಿತ್ರ ಅನಿಸಲ್ಲ.

ಮುಖ್ಯವಾದ ಪದ ಬೇರೆ ಇದೆ: ‘ಮನ್ಸಿಯುಂಕುಲೆ’, ಅಂದರೆ ಪುಟ್ಟ ವಾಸದ ಕೋಣೆಗಳು. ಕುಶಲಕರ್ಮಿಗಳು ತಮ್ಮ ಕಾರ್ಯಾಗಾರದ ಮಗ್ಗುಲಲ್ಲೇ ಮಲಗುತ್ತಿದ್ದರು. ಆದರೆ ನಿಯಮದ 22ನೇ ಅಧ್ಯಾಯದ ಪ್ರಕಾರ ಸನ್ಯಾಸಿಗಳು ಸಾಧ್ಯವಾದಷ್ಟು ಒಂದೇ ಕಡೆ ಮಲಗಬೇಕು. ನಕ್ಷೆಯಲ್ಲಿ ಅವರಿಗೆ 77 ಹಾಸಿಗೆಗಳ ಶಯನಗೃಹ ಬೇರೆಯೇ ಇದೆ. ಹಾಗಾದರೆ ಈ ಕಸುಬುದಾರರು ಸನ್ಯಾಸಿಗಳಲ್ಲ, ಮಠದ ಆಳುಗಳು ಅಂತ ಓದುವುದೇ ಸರಿ.

ಪರಿಣಾಮ ಸಣ್ಣದಲ್ಲ. 57ನೇ ಅಧ್ಯಾಯದ ಬಲ ಇದ್ದದ್ದು ವಿಧೇಯತೆಯ ವ್ರತದಲ್ಲಿ. ವ್ರತವಿಲ್ಲದ ಕಮ್ಮಾರನ ಜಂಬವನ್ನು ಆ ನಿಯಮ ತಿದ್ದುವುದು ಹೇಗೆ? ಸನ್ಯಾಸಿಗಳ ದಿನವನ್ನು ಪ್ರಾರ್ಥನೆ ತುಂಬಿದಂತೆ ಸುತ್ತಿಗೆ ಬೇರೆಯವರ ಕೈ ಸೇರಿತ್ತು. 12ನೇ ಶತಮಾನದಲ್ಲಿ ಸಿಸ್ಟರ್ಸಿಯನ್ನರು ‘ಕನ್ವರ್ಸಿ’ ಎಂಬ ಶ್ರಮಿಕ ಸಹೋದರರಿಗೆ ವ್ರತ ಕೊಟ್ಟು, ಊಟ, ನಿದ್ದೆಗೆ ಬೇರೆ ಜಾಗ ಮಾಡಿ, ಅವರಿಗಾಗಿಯೇ ನಿಯಮ ಬರೆದರು. ಕೈಕೆಲಸದವರು ಬೇರೆ ಅನ್ನುವುದನ್ನು ಮಠದ ಕಾನೂನು ಬಾಯಿಬಿಟ್ಟು ಹೇಳಿದ್ದು ಆಗ. ನಕ್ಷೆಯ ಆ ಒಂದು ಪದ ಮುನ್ನೂರು ವರ್ಷ ಮೊದಲೇ ಹೇಳಿತ್ತು.