ಬೇಸಿಗೆಯ ಕಾಲೂತ

ಸೆಕೆಗೆ ಪಾದ, ಹರಡು, ಕಣಕಾಲುಗಳಲ್ಲಿ ನೀರು ತುಂಬಿ ಕಾಣಿಸುವ ಬಾವು. ಮೈ ತಂಪಾಗಿಸಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ನಿಂತೇ ಅಥವಾ ಕುಳಿತೇ ಇರುವವರಲ್ಲಿ ದ್ರವ ಕೆಳಗಿಳಿದು ಅಂಗಾಂಶಕ್ಕೆ ಜಿನುಗುತ್ತದೆ. ತಂಪು ಊರಿನಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಿಗೆ ಬಂದವರನ್ನು ಇದು ಮೊದಲ ಕೆಲವು ದಿನ ಕಾಡಿ, ಮೈ ಒಗ್ಗಿದಂತೆ ಇಳಿಯುತ್ತದೆ. ವೃದ್ಧರು, ಗರ್ಭಿಣಿಯರು, ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ನುಂಗುವವರಲ್ಲಿ ಹೆಚ್ಚು. ದಿಂಬಿನ ಮೇಲೆ ಕಾಲನ್ನು ಎದೆಮಟ್ಟಕ್ಕಿಂತ ಎತ್ತರಿಸಿ ಮಲಗುವುದು, ಆಗಾಗ ನಡೆದಾಡುವುದು ಸಾಮಾನ್ಯವಾಗಿ ಸಾಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತಾವೇ ಕೊಂಡು ನುಂಗುವುದು ಅವಿವೇಕ: ಬೆವರಿನ ಕಾಲದಲ್ಲಿ ಅದು ದೇಹವನ್ನು ಇನ್ನಷ್ಟು ಒಣಗಿಸುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಏದುಸಿರೂ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗವೂ ಉಂಟು. ಮಳೆ ಹಿಡಿದ ಮೇಲೂ ಇಳಿಯದ ಊತವನ್ನು ಸೆಕೆಯ ಲೆಕ್ಕಕ್ಕೆ ಹಾಕಬಾರದು.