ವಾಟ್ಸ್‌ಆ್ಯಪ್ ಸಂದೇಶ: ಮೊದಲು ಕಳುಹಿಸಿದವರು ಯಾರು?

ವಾಟ್ಸ್‌ಆ್ಯಪ್ ಸಂಸ್ಥೆಯು 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಗೂಢಲಿಪಿಯ ರಕ್ಷಣೆ ಒದಗಿಸಿತು. ಕಳುಹಿಸುವವರ ಫೋನಿನಲ್ಲಿ ಗೂಢಲಿಪಿಯಾಗುವ ಸಂದೇಶವು ಪಡೆಯುವವರ ಫೋನಿನಲ್ಲಷ್ಟೇ ಬಿಡಿಸಿಕೊಳ್ಳುತ್ತದೆ. ನಡುವಿನ ಸಂಸ್ಥೆಯೂ ಅದನ್ನು ಓದಲಾರದು.

2021ರ ಫೆಬ್ರವರಿ 25ರಂದು ಕೇಂದ್ರ ಸರಕಾರ ಪ್ರಕಟಿಸಿದ ಮಾಹಿತಿ ತಂತ್ರಜ್ಞಾನ ನಿಯಮಾವಳಿಯು, 50 ಲಕ್ಷಕ್ಕೂ ಮಿಗಿಲಾದ ಬಳಕೆದಾರರುಳ್ಳ ಸಂದೇಶ ಸೇವೆಗಳು ನ್ಯಾಯಾಲಯ ಅಥವಾ ಸಕ್ಷಮ ಪ್ರಾಧಿಕಾರದ ಆದೇಶ ಬಂದಾಗ, ಸಂದೇಶವೊಂದನ್ನು ದೇಶದೊಳಗೆ ಮೊದಲು ಕಳುಹಿಸಿದವರನ್ನು ಗುರುತಿಸಿಕೊಡಬೇಕೆಂದು ವಿಧಿಸಿತು. ಇದು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅತ್ಯಾಚಾರದಂತಹ ಗಂಭೀರ ಪ್ರಕರಣಗಳಿಗೆ ಮಾತ್ರ ಅನ್ವಯ. ಸಂದೇಶದ ಒಕ್ಕಣೆಯನ್ನು ಬಯಲು ಮಾಡಬೇಕಿಲ್ಲವೆಂದು ನಿಯಮವೇ ಹೇಳುತ್ತದೆ. ಆದರೆ ಯಾವ ಸಂದೇಶ ನಾಳೆ ವಿಚಾರಣೆಗೆ ಬರುವುದೆಂದು ಇಂದೇ ತಿಳಿಯದಾದ್ದರಿಂದ ಪ್ರತಿಯೊಂದಕ್ಕೂ, ಮಗಳಿಗೆ ಬರೆದ ಕುಶಲೋಪರಿಗೂ, ಗುರುತು ಹಚ್ಚಿಡಬೇಕಾಗುತ್ತದೆ ಎಂಬುದು ಸಂಸ್ಥೆಯ ವಾದ. ತೊಡಕಿರುವುದು ಇಲ್ಲಿಯೇ. ಉಪಾಯ ಹುಡುಕುವುದು ಸಂಸ್ಥೆಯ ಹೊಣೆಯೆಂದು ಸರಕಾರ ಉತ್ತರಿಸಿತು.

2021ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಅದು ಆಧಾರವಾಗಿ ಹಿಡಿದುದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ 2017ರ ಆಗಸ್ಟ್ 24ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ದಿ. ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ಕನ್ನಡಿಗರು ನೆನೆಯಬಹುದು. ಗೂಢಲಿಪಿಯನ್ನು ಮುರಿಯಲೇಬೇಕೆಂದಾದರೆ ಭಾರತವನ್ನೇ ತೊರೆಯುವುದಾಗಿ ಸಂಸ್ಥೆಯ ವಕೀಲರು 2024ರ ಏಪ್ರಿಲ್‌ನಲ್ಲಿ ಪೀಠಕ್ಕೆ ತಿಳಿಸಿದರು.