65 ಎಸೆತಗಳ ಮಿತಿಯಲ್ಲಿ: ರಾಷ್ಟ್ರೀಯ ಬೇಸ್‌ಬಾಲ್ ತಂಡದ ಮೇಲೆ ಬಾಜಿ ಕಟ್ಟುವ ವಿದ್ಯೆ ಬೆಳೆದ ಬಗೆ

2023ರ ಮಾರ್ಚ್‌ನಲ್ಲಿ ತೈವಾನ್‌ನ ತೈಚುಂಗ್ ನಗರದಲ್ಲಿ ರಾಷ್ಟ್ರೀಯ ತಂಡಗಳ ಟೂರ್ನಿಯಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಒಂದು ಗುಂಪಿನ ಪಂದ್ಯಗಳು ಮುಗಿದಾಗ ಐದಕ್ಕೆ ಐದೂ ತಂಡಗಳು ಎರಡು ಗೆದ್ದು ಎರಡು ಸೋತಿದ್ದವು. ಕ್ಯೂಬಾ, ಇಟಲಿ, ನೆದರ್ಲೆಂಡ್ಸ್, ಪನಾಮಾ, ಆತಿಥೇಯ ತೈವಾನ್ ಎಲ್ಲವೂ ಸಮಸಮ. ಬಿಟ್ಟುಕೊಟ್ಟ ರನ್ನುಗಳನ್ನು ಪಡೆದ ಔಟ್‌ಗಳಿಂದ ಭಾಗಿಸಿ, ಕ್ಯೂಬಾ ಮತ್ತು ಇಟಲಿಯನ್ನು ಮುಂದಿನ ಸುತ್ತಿಗೆ ಕಳಿಸಲಾಯಿತು. ಮೊದಲ ಪಂದ್ಯದಲ್ಲೇ ಪನಾಮಾಕ್ಕೆ 12 ರನ್ ಬಿಟ್ಟುಕೊಟ್ಟಿದ್ದ ತೈವಾನ್ ಕೊನೆಯ ಸ್ಥಾನಕ್ಕೆ ಇಳಿದು, ಮುಂದಿನ ಆವೃತ್ತಿಗೆ ಅರ್ಹತಾ ಸುತ್ತು ಆಡಬೇಕಾಯಿತು. ಇಟಲಿಯನ್ನು ತೈವಾನ್ ಸೋಲಿಸುತ್ತದೆ ಎಂದು ಸರಿಯಾಗಿಯೇ ಊಹಿಸಿದವರಿದ್ದರು. ಅವರೇ ತೈವಾನ್ ಮುಂದಿನ ಸುತ್ತಿಗೆ ಹೋಗುತ್ತದೆ ಎಂದೂ ಹಣ ಕಟ್ಟಿದ್ದರೆ, ಆ ಹಣ ಹೋದದ್ದು ಯಾವ ಆಟಗಾರನಿಂದಲೂ ಅಲ್ಲ, ಒಂದು ಭಾಗಾಕಾರದಿಂದ.

ಬೇಸ್‌ಬಾಲ್ ಬಾಜಿಯ ವಿದ್ಯೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೆಳೆದದ್ದು ಅಮೆರಿಕದ ಲೀಗ್‌ಗಳ ಸುದೀರ್ಘ ಋತುವಿನ ಮೇಲೆ. ಈಗ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಅಂಗಿಯ ಮೇಲೆ ಕ್ಲಬ್ಬಿನ ಹೆಸರು ಹೋಗಿ ದೇಶದ ಹೆಸರು ಬಂದ ಕೂಡಲೇ ಆ ವಿದ್ಯೆಯ ಅರ್ಧ ಭಾಗ ಕೆಲಸಕ್ಕೆ ಬಾರದು. ಉಳಿದ ಅರ್ಧ ಯಾವುದು, ಅದಕ್ಕೆ ಏನು ಸೇರಿತು ಎಂಬುದೇ ಈ ಕ್ಷೇತ್ರದ ಕಥೆ. ಭಾರತದಲ್ಲಿ 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಹಾಗಾಗಿ ಇದನ್ನು ಕೈಪಿಡಿಯಾಗಿ ಅಲ್ಲ, ಲೆಕ್ಕಾಚಾರದ ಚರಿತ್ರೆಯಾಗಿ ಓದಬೇಕು.

ಆರಂಭದ ದಿನಗಳಲ್ಲಿ ವಿದ್ಯೆಗಿಂತ ವಾಸನೆ ಹಿಡಿಯುವ ಮೂಗೇ ಮುಖ್ಯವಾಗಿತ್ತು. ಯಾರು ಗಾಯಗೊಂಡಿದ್ದಾರೆ, ಯಾರು ರಾತ್ರಿ ಕುಡಿದಿದ್ದಾರೆ, ಯಾರನ್ನು ಕೊಂಡುಕೊಳ್ಳಬಹುದು ಎಂಬ ಸುದ್ದಿಯೇ ಬಂಡವಾಳ. ಅದರ ತುತ್ತತುದಿ ಅಮೆರಿಕದ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್, 1919ರದ್ದು. ಶಿಕಾಗೊ ವೈಟ್ ಸಾಕ್ಸ್‌ನ ಆಟಗಾರರು ಜೂಜುಕೋರರ ಹಣ ಪಡೆದು ಸಿನ್ಸಿನಾಟಿ ರೆಡ್ಸ್‌ಗೆ ಸೋತರೆಂಬ ಹಗರಣ ಅದು. 1921ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದರೂ, ಬೇಸ್‌ಬಾಲ್ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಟು ಮಂದಿಯನ್ನು ಆಟದಿಂದ ಶಾಶ್ವತವಾಗಿ ಹೊರಗಿಟ್ಟರು. ಪಂದ್ಯ ಮೊದಲೇ ಮಾರಾಟವಾಗಿದ್ದರೆ ಎಷ್ಟೇ ಒಳ್ಳೆಯ ಅಂದಾಜೂ ವ್ಯರ್ಥ. ಹಾಗಾಗಿ ಬಾಜಿಯ ಲೆಕ್ಕ ಬೆಳೆಯಲು ಆಟ ಸ್ವಚ್ಛವಾಗಿರುವುದು ಮೊದಲ ಷರತ್ತಾಯಿತು.

ಸಂಖ್ಯಾಶಾಸ್ತ್ರ ಈ ಕಡೆ ತಿರುಗಿದ್ದು ಸೋಲಿನ ಸಂಕಟದಿಂದ. 1946ರ ವರ್ಲ್ಡ್ ಸೀರೀಸ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಸೋತಿತು. ಉತ್ತಮ ತಂಡ ಗೆಲ್ಲುವ ಸಾಧ್ಯತೆಯಾದರೂ ಎಷ್ಟು ಎಂಬ ಪ್ರಶ್ನೆ ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್‌ಗೆ ಅಲ್ಲಿಂದ ಹುಟ್ಟಿತು. 1952ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಕೊಟ್ಟ ಉತ್ತರ, ಸುಮಾರು ಶೇ. 80. ಏಳು ಪಂದ್ಯಗಳ ಸರಣಿಯಲ್ಲೂ ಐದರಲ್ಲಿ ಒಂದು ಬಾರಿ ದುರ್ಬಲ ತಂಡವೇ ಕಪ್ ಎತ್ತುತ್ತದೆ. ಈ ಲೇಖನಕ್ಕೆ ಸಿಗಬೇಕಾದಷ್ಟು ಗೌರವ ಬಾಜಿಯ ಜಗತ್ತಿನಲ್ಲಿ ಸಿಕ್ಕಿಲ್ಲ ಎಂದು ನನ್ನ ಭಾವನೆ. ರಾಷ್ಟ್ರೀಯ ತಂಡಗಳ ಟೂರ್ನಿಗೆ ಬೇಕಾದ ವಿನಯವೆಲ್ಲ ಅದರಲ್ಲೇ ಇತ್ತು.

ಮುಂದಿನ ದೊಡ್ಡ ಹೆಜ್ಜೆ ಕಾನ್ಸಾಸ್‌ನ ಲಾರೆನ್ಸ್‌ನಲ್ಲಿ. ಅಲ್ಲಿ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಿದ್ದ ಬಿಲ್ ಜೇಮ್ಸ್ 1977ರಲ್ಲಿ ಬೇಸ್‌ಬಾಲ್ ಅಂಕಿಅಂಶಗಳ ತಮ್ಮ ಮೊದಲ ವಾರ್ಷಿಕ ಪುಸ್ತಿಕೆಯನ್ನು ಸ್ವಂತ ಖರ್ಚಿನಲ್ಲಿ ತಂದರು. ನೂರು ಪ್ರತಿಯೂ ಖರ್ಚಾಗಲಿಲ್ಲ. ಅವರ ಒಂದು ಸೂತ್ರ ಸರಳವಾದದ್ದು. ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ತಂಡದ ನಿಜವಾದ ಗೆಲುವಿನ ಪ್ರಮಾಣ ಸಿಗುತ್ತದೆ. 800 ಗಳಿಸಿ 700 ಕೊಟ್ಟ ತಂಡ 162ರಲ್ಲಿ ಸುಮಾರು 92 ಗೆಲ್ಲಬೇಕು. ಅದಕ್ಕಿಂತ ತುಂಬ ಹೆಚ್ಚು ಗೆದ್ದಿದ್ದರೆ ಅದೃಷ್ಟದ ಪಾಲಿದೆ, ಮುಂದೆ ಇಳಿಯುವ ಸಂಭವವೇ ಹೆಚ್ಚು. ಇನ್ನೊಂದು ಸೂತ್ರ ಎರಡು ತಂಡಗಳ ಗೆಲುವಿನ ಪ್ರಮಾಣಗಳಿಂದ ಅವು ಎದುರುಬದುರಾದಾಗಿನ ಸಾಧ್ಯತೆಯನ್ನು ಕೊಡುತ್ತದೆ. ಶೇ. 60 ಗೆಲ್ಲುವ ತಂಡ ಶೇ. 40 ಗೆಲ್ಲುವ ತಂಡದೆದುರು ಗೆಲ್ಲುವ ಸಾಧ್ಯತೆ ಶೇ. 69. ಬುಕ್ಕಿ ಕೊಟ್ಟ ದರ ಇದಕ್ಕಿಂತ ಉದಾರವಾಗಿದ್ದರೆ ಕಟ್ಟು, ಇಲ್ಲವಾದರೆ ಬಿಡು.

ದರವೇ ಒಂದು ಸಾಧ್ಯತೆಯ ಹೇಳಿಕೆ ಎಂಬ ಅರಿವು ಈ ವಿದ್ಯೆಯ ಹೊಸ್ತಿಲು. ಒಂದು ರೂಪಾಯಿಗೆ ಒಂದೂವರೆ ರೂಪಾಯಿ ಕೊಡುತ್ತೇನೆ ಎಂದರೆ, ಆ ತಂಡ ಮೂರರಲ್ಲಿ ಎರಡು ಬಾರಿ ಗೆಲ್ಲುತ್ತದೆ ಎಂದಂತೆ. ಎದುರಾಳಿಗೆ 2.60 ದರವಿದ್ದರೆ ಅದು ಶೇ. 38.5. ಎರಡೂ ಸೇರಿ ನೂರು ದಾಟಿ 105 ಆಗುತ್ತದೆ. ಆ ಹೆಚ್ಚುವರಿ ಐದೇ ಅಂಗಡಿಯ ಲಾಭ. ಟೂರ್ನಿ ಶುರುವಾಗುವ ಮೊದಲೇ ಚಾಂಪಿಯನ್ ಯಾರೆಂದು ಕಟ್ಟುವ ಬಾಜಿಯಲ್ಲಿ ಇಪ್ಪತ್ತು ತಂಡಗಳ ದರಗಳನ್ನು ಕೂಡಿಸಿ ನೋಡಿದರೆ ಈ ಹೆಚ್ಚುವರಿ ಇನ್ನೂ ದಪ್ಪ. ಅದರಲ್ಲೂ ಗೆಲ್ಲುವ ಸಾಧ್ಯತೆ ತೀರ ಕಡಿಮೆಯಿರುವ ತಂಡಗಳ ದರವೇ ಗಿರಾಕಿಗೆ ಅತ್ಯಂತ ದುಬಾರಿ. ಕುದುರೆ ಜೂಜಿನಲ್ಲಿ ಜನ ಅಂಥ ಕುದುರೆಗಳ ಮೇಲೆ ಅತಿಯಾಗಿ ಕಟ್ಟುತ್ತಾರೆಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಗ್ರಿಫಿತ್ 1949ರಲ್ಲೇ ತೋರಿಸಿದ್ದರು. ಸ್ವಂತ ದೇಶದ ತಂಡವಾದರಂತೂ ಅಭಿಮಾನವೂ ಸೇರಿ ದರವನ್ನು ಇನ್ನಷ್ಟು ಹಿಂಡುತ್ತದೆ.

ಯಾವುದರ ಮೇಲೆ ಕಟ್ಟಬೇಕು ಎಂಬುದು ಒಂದು ಪ್ರಶ್ನೆ, ಎಷ್ಟು ಕಟ್ಟಬೇಕು ಎಂಬುದು ಬೇರೆಯೇ. ಎರಡನೆಯದಕ್ಕೆ ಉತ್ತರ ಬಂದದ್ದು ಬೆಲ್ ಲ್ಯಾಬ್ಸ್‌ನಿಂದ. ಜಾನ್ ಕೆಲಿ 1956ರಲ್ಲಿ ಗದ್ದಲ ತುಂಬಿದ ತಂತಿಯ ಮೂಲಕ ಸುದ್ದಿ ಪಡೆಯುವ ಜೂಜುಕೋರನೊಬ್ಬನನ್ನು ಕಲ್ಪಿಸಿಕೊಂಡು, ಅವನು ಪ್ರತಿ ಸಲ ಹಣದ ಎಷ್ಟು ಪಾಲು ಪಣಕ್ಕಿಟ್ಟರೆ ಸಂಪತ್ತು ಅತಿ ವೇಗವಾಗಿ ಬೆಳೆಯುತ್ತದೆ ಎಂದು ಲೆಕ್ಕ ಹಾಕಿದರು. ಒಂದಕ್ಕೆ ಒಂದು ಲಾಭ ಕೊಡುವ ಬಾಜಿಯಲ್ಲಿ ಗೆಲ್ಲುವ ಸಾಧ್ಯತೆ ಶೇ. 55 ಇದ್ದರೆ ಶೇ. 10 ಕಟ್ಟಬೇಕು. ಈಗ ಅಂದಾಜು ಸ್ವಲ್ಪ ತಪ್ಪಿ, ನಿಜವಾದ ಸಾಧ್ಯತೆ ಶೇ. 52 ಎಂದಿಟ್ಟುಕೊಳ್ಳಿ. ಕಟ್ಟಬೇಕಾದದ್ದು ಶೇ. 4 ಮಾತ್ರ. ಅದು ಗೊತ್ತಿಲ್ಲದೆ ಶೇ. 10 ಕಟ್ಟುತ್ತಾ ಹೋದರೆ, ಪ್ರತಿ ಬಾಜಿಯೂ ಅನುಕೂಲಕರವಾಗಿದ್ದರೂ ಥೈಲಿ ದೀರ್ಘಾವಧಿಯಲ್ಲಿ ಕರಗುತ್ತದೆ. ಮೊದಲ ಸಲ ಕೇಳಿದಾಗ ನಂಬಲು ಕಷ್ಟ, ಕಾಗದದ ಮೇಲೆ ಹಾಕಿ ನೋಡಿದರೆ ಖಚಿತ. ಲಾಸ್ ವೇಗಾಸ್‌ನಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ಈ ಸೂತ್ರವನ್ನು ಇಸ್ಪೀಟಿಗೆ ಬಳಸಿ ಹೆಸರಾದರು. ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು, ಸಾಧ್ಯತೆ ನಿಖರ. ರಾಷ್ಟ್ರೀಯ ತಂಡದ ವಿಷಯದಲ್ಲಿ ಮೂರು ಶೇಕಡಾವಾರಿನ ತಪ್ಪು ತೀರ ಸಾಮಾನ್ಯ. ವೃತ್ತಿಪರರು ಕೆಲಿ ಹೇಳಿದ್ದರ ಅರ್ಧವನ್ನೋ ಕಾಲನ್ನೋ ಕಟ್ಟುವುದು ಇದಕ್ಕೇ.

2003ರ ಹೊತ್ತಿಗೆ ಆಟಗಾರರ ಮುಂದಿನ ಆಟವನ್ನು ಅಂದಾಜಿಸುವ, ನೇಟ್ ಸಿಲ್ವರ್‌ನ ಪೆಕೋಟಾದಂಥ ಮಾದರಿಗಳು ಬಂದವು. ಅದೇ ವರ್ಷ ಮೈಕಲ್ ಲೂಯಿಸ್‌ನ ‘ಮನಿಬಾಲ್’ ಪುಸ್ತಕ ಈ ಚಿಂತನೆಯನ್ನು ಮನೆಮಾತಾಗಿಸಿತು. 2015ರಲ್ಲಿ ಸ್ಟಾಟ್‌ಕ್ಯಾಸ್ಟ್ ಎಂಬ ಮಾಪನ ವ್ಯವಸ್ಥೆ ಪ್ರತಿ ಚೆಂಡಿನ ವೇಗ, ತಿರುವು, ಬ್ಯಾಟಿನಿಂದ ಹೊರಟ ಕೋನವನ್ನೂ ಅಳೆಯತೊಡಗಿತು. ಈ ಭಾಗದ ಬಗ್ಗೆ ಬಹಳ ಮಂದಿ ಬರೆದಿದ್ದಾರೆ, ಇಲ್ಲಿ ಹಿಗ್ಗಿಸುವುದಿಲ್ಲ.

2006ರಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ 16 ತಂಡಗಳೊಂದಿಗೆ ಶುರುವಾಯಿತು, ಕಲಿತದ್ದೆಲ್ಲ ಅಲ್ಲಾಡಿತು. ಡೆರೆಕ್ ಜೀಟರ್, ಅಲೆಕ್ಸ್ ರೋಡ್ರಿಗಸ್, ರೋಜರ್ ಕ್ಲೆಮೆನ್ಸ್‌ರಂಥ ತಾರೆಯರಿದ್ದ ಅಮೆರಿಕ, ಕೆನಡಾಕ್ಕೆ ಸೋತಿತು, ಕೊರಿಯಾಕ್ಕೆ ಸೋತಿತು, ಕೊನೆಗೆ ಮೆಕ್ಸಿಕೊಗೆ 2-1ರಿಂದ ಸೋತು ಮನೆಗೆ ಹೋಯಿತು. ಅಮೆರಿಕ, ಮೆಕ್ಸಿಕೊಗಳಷ್ಟೇ ಗೆಲುವು ಪಡೆದಿದ್ದ ಜಪಾನ್, ಕಡಿಮೆ ರನ್ ಬಿಟ್ಟುಕೊಟ್ಟ ಕಾರಣಕ್ಕೆ ಸೆಮಿಫೈನಲ್‌ಗೆ ನುಗ್ಗಿತು. ಅದಕ್ಕೆ ಮೊದಲು ಜಪಾನನ್ನು ಎರಡು ಬಾರಿ ಸೋಲಿಸಿದ್ದ ಕೊರಿಯಾ, ಮೂರನೆಯ ಬಾರಿ 6-0ಯಿಂದ ಸೋತಿತು. ಏಳರಲ್ಲಿ ಆರು ಗೆದ್ದ ಕೊರಿಯಾ ಹೊರಗೆ, ಎಂಟರಲ್ಲಿ ಮೂರು ಸೋತ ಜಪಾನ್ ಚಾಂಪಿಯನ್. 2009ರಲ್ಲಿ ನೆದರ್ಲೆಂಡ್ಸ್ ಡೊಮಿನಿಕನ್ ರಿಪಬ್ಲಿಕ್ ಅನ್ನು ಒಂದೇ ಟೂರ್ನಿಯಲ್ಲಿ ಎರಡು ಸಲ ಸೋಲಿಸಿತು.

ಇವನ್ನೆಲ್ಲ ಪವಾಡವೆಂದು ಬರೆದ ಪತ್ರಕರ್ತರು ಮೋಸ್ಟೆಲರ್‌ನನ್ನು ಓದಿರಲಿಲ್ಲ. ಟೂರ್ನಿಯ ಈಗಿನ ರೂಪದಲ್ಲಿ ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗೆ ಮೂರು ಒಂಟಿ ಪಂದ್ಯಗಳು. ಪ್ರತಿಯೊಂದರಲ್ಲೂ ಶೇ. 65 ಸಾಧ್ಯತೆಯಿರುವ ಬಲಾಢ್ಯ ತಂಡ ಮೂರನ್ನೂ ಗೆಲ್ಲುವ ಸಾಧ್ಯತೆ ಶೇ. 27 ಅಷ್ಟೇ. ಒಂದಕ್ಕೆ 3.6ಕ್ಕಿಂತ ಕಡಿಮೆ ದರಕ್ಕೆ ಅದರ ಮೇಲೆ ಕಟ್ಟಿದವನು, ತಂಡ ಗೆದ್ದರೂ ಕೆಟ್ಟ ವ್ಯಾಪಾರ ಮಾಡಿದ್ದಾನೆ.

ಹಳೆಯ ವಿದ್ಯೆ ನಿಜಕ್ಕೂ ಮುರಿದದ್ದು ಪಿಚರ್, ಅಂದರೆ ಚೆಂಡೆಸೆಯುವವನ ವಿಷಯದಲ್ಲಿ. ಲೀಗ್ ಪಂದ್ಯದ ದರ ನಿಲ್ಲುವುದೇ ಅಂದಿನ ಆರಂಭಿಕ ಪಿಚರ್ ಮೇಲೆ. ಅವನು ಬದಲಾದರೆ ಬಾಜಿಯನ್ನೇ ರದ್ದು ಮಾಡುವ ಪದ್ಧತಿಯಿದೆ. ಕ್ಲಾಸಿಕ್‌ನಲ್ಲಿ ಕ್ಲಬ್ಬುಗಳ ದುಬಾರಿ ತೋಳುಗಳನ್ನು ಕಾಪಾಡಲು ಎಸೆತಗಳಿಗೆ ಮಿತಿಯಿದೆ. 2023ರಲ್ಲಿ ಮೊದಲ ಸುತ್ತಿಗೆ 65, ಕ್ವಾರ್ಟರ್ ಫೈನಲ್‌ಗೆ 80, ಆಮೇಲೆ 95. 50 ಎಸೆದರೆ ನಾಲ್ಕು ದಿನ ವಿರಾಮ, 30 ಎಸೆದರೆ ಒಂದು ದಿನ. ದೊಡ್ಡ ಹೆಸರಿನ ಪಿಚರ್ 65 ಎಸೆತಗಳಲ್ಲಿ ನಾಲ್ಕು ಇನ್ನಿಂಗ್ಸ್ ದಾಟಿದರೆ ಹೆಚ್ಚು. ಉಳಿದ ಐದು ಇನ್ನಿಂಗ್ಸ್ ಯಾರ ಕೈಯಲ್ಲಿ ಎಂಬುದು ಪಂದ್ಯದ ದೊಡ್ಡ ಪಾಲು, ಆದರೆ ಸಾಮಾನ್ಯ ಬಾಜಿಗಾರನ ಕಣ್ಣು ಬೀಳುವುದು ಮೊದಲ ಹೆಸರಿನ ಮೇಲೆ. 2023ರ ಫೈನಲ್‌ನಲ್ಲಿ ಜಪಾನ್ ಏಳು ಪಿಚರ್‌ಗಳನ್ನು ಬಳಸಿತು. ಯಾರೂ ಎರಡು ಇನ್ನಿಂಗ್ಸ್ ಮೀರಲಿಲ್ಲ. ಕೊನೆಯ ಇಬ್ಬರು ಅಮೆರಿಕದ ಲೀಗ್‌ನಲ್ಲೂ ತಾರೆಯರಾದ ಯು ದಾರ್ವಿಶ್ ಮತ್ತು ಶೊಹೆಯಿ ಒಹ್ತಾನಿ. ಅಂಥ ಏಳು ಜನರನ್ನು ಸಾಲಾಗಿ ನಿಲ್ಲಿಸಬಲ್ಲ ದೇಶಗಳು ತೀರ ಕಡಿಮೆ. ಅಮೆರಿಕದಲ್ಲಿ ಇದ್ದಾರೆ, ಆದರೆ ಕ್ಲಬ್ಬು, ವಿಮೆ, ಗಾಯದ ಭಯ ಅವರನ್ನು ತಡೆಯುತ್ತವೆ. ಅಲ್ಲಿನ ಹೆಸರಾಂತ ಪಿಚರ್ ಕ್ಲೇಟನ್ ಕರ್ಶಾ 2023ರಲ್ಲಿ ವಿಮೆಯ ತೊಡಕಿನಿಂದಲೇ ಹಿಂದೆ ಸರಿದದ್ದು. ಹೀಗೆ ತಂಡದ ಪಟ್ಟಿಗಿಂತ ಎಸೆತಗಳ ಪಂಚಾಂಗ ಮುಖ್ಯವಾಯಿತು: ಯಾರು ಯಾವ ದಿನ ಎಷ್ಟು ಎಸೆದರು, 49ಕ್ಕೆ ಯಾರನ್ನು ಹೊರಕರೆಸಿದರು, ಯಾರು ಯಾವಾಗ ಮರಳಬಲ್ಲರು.

ಎರಡನೆಯ ಬಿರುಕು ತಂಡದ ಗುರುತಿನದು. 2017ರಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ 41ನೆಯದಾಗಿದ್ದ ಇಸ್ರೇಲ್, ಸಿಯೋಲ್‌ನಲ್ಲಿ ಆತಿಥೇಯ ಕೊರಿಯಾವನ್ನು 10 ಇನ್ನಿಂಗ್ಸ್‌ಗಳಲ್ಲಿ 2-1ರಿಂದ ಸೋಲಿಸಿ, ಗುಂಪಿನ ಮೂರೂ ಪಂದ್ಯ ಗೆದ್ದು, ನಂತರ ಕ್ಯೂಬಾವನ್ನೂ ಮಣಿಸಿತು. ರ‍್ಯಾಂಕಿಂಗ್ ಸುಳ್ಳಲ್ಲ, ಅದು ಬೇರೆ ತಂಡದ್ದು. ಪೂರ್ವಜರ ಮೂಲದಿಂದಲೂ ಅರ್ಹತೆ ಸಿಗುವ ಕಾರಣ, ಕಣಕ್ಕಿಳಿದವರು ಬಹುಪಾಲು ಅಮೆರಿಕದ ಯಹೂದಿ ಮೂಲದ ವೃತ್ತಿಪರರು. ಇಟಲಿಯದೂ ಇದೇ ಕಥೆ. ತಂಡಗಳ ಹಳೆಯ ಫಲಿತಾಂಶ ಬಿಟ್ಟು, ಒಬ್ಬೊಬ್ಬ ಆಟಗಾರನ ಅಂದಾಜನ್ನು ಕೂಡಿಸಿ ತಂಡದ ಬಲ ಕಟ್ಟುವ ವಿಧಾನವೇ ಮೇಲೆಂದು ಆಗ ಮನವರಿಕೆಯಾಯಿತು. ಅದಕ್ಕೂ ತೊಡಕಿದೆ: ಜಪಾನಿ ಲೀಗ್‌ನ ಅಂಕಿಗಳನ್ನು ಅಮೆರಿಕದ ಅಂಕಿಗಳಿಗೆ ಹೊಂದಿಸಲು ಎರಡೂ ಕಡೆ ಆಡಿದವರ ದಾಖಲೆಯಿದೆ, ಚೆಕ್ ಲೀಗ್‌ಗೆ ಅಂಥ ಸೇತುವೆಯೇ ಇಲ್ಲ. ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್ ಆದ ಚೆಕ್ ಪಿಚರ್ ಓಂದ್ರೆ ಸಾತೊರಿಯಾ 2023ರಲ್ಲಿ ಒಹ್ತಾನಿಯನ್ನು ಔಟ್ ಮಾಡುವ ಸಾಧ್ಯತೆಯನ್ನು ಯಾವ ಮಾದರಿ ನಿಖರವಾಗಿ ಹೇಳೀತು?

ಸಮಯವೂ ಒಂದು ಅಂಶ. ಟೂರ್ನಿ ಮಾರ್ಚ್‌ನಲ್ಲಿ, ಅಮೆರಿಕದ ಆಟಗಾರರು ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿರುವ ಹೊತ್ತು. ಜಪಾನಿ ಕ್ಲಬ್ಬುಗಳ ಶಿಬಿರ ಫೆಬ್ರವರಿ 1ಕ್ಕೇ ಶುರು, 2023ರಲ್ಲಿ ರಾಷ್ಟ್ರೀಯ ತಂಡ ಮಿಯಾಜಾಕಿಯಲ್ಲಿ ಒಟ್ಟಾಗಿ ಅಭ್ಯಾಸ ನಡೆಸಿತ್ತು. ಜಪಾನ್ ಗೆದ್ದ 2006, 2009, 2023ರ ಮೂರು ಪ್ರಶಸ್ತಿಗಳಲ್ಲಿ ಇದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಪಂದ್ಯಗಳ ಸಂಖ್ಯೆ ಸಾಲದು. ಇದನ್ನು ಮೂಲಮಂತ್ರವೆಂಬಂತೆ ಮಾರುವವರನ್ನು ನಾನು ನಂಬುವುದಿಲ್ಲ.

ವಿಚಿತ್ರವೆಂದರೆ ಜಪಾನಿನಲ್ಲಿ ಬೇಸ್‌ಬಾಲ್ ಬಾಜಿ ಅಪರಾಧ. 1969ರಿಂದ ಅಲ್ಲಿನ ಲೀಗನ್ನು ಅಲುಗಾಡಿಸಿದ ‘ಕಪ್ಪು ಮಂಜು’ ಎಂಬ ಪಂದ್ಯ ಮಾರಾಟದ ಹಗರಣದ ನೆನಪು ಇನ್ನೂ ಗಾಢ. 2015ರಲ್ಲಿ ಯೊಮಿಯುರಿ ಜೈಂಟ್ಸ್‌ನ ಪಿಚರ್‌ಗಳು ಬಾಜಿ ಕಟ್ಟಿ ಸಿಕ್ಕಿಬಿದ್ದರು. ತೈವಾನ್ ಸರ್ಕಾರಿ ಕ್ರೀಡಾ ಲಾಟರಿಯ ದಾರಿ ಹಿಡಿದಿದೆ. ಅಮೆರಿಕದಲ್ಲಿ ಕ್ರೀಡಾ ಬಾಜಿಯ ಮೇಲಿನ 1992ರ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ ರದ್ದು ಮಾಡಿದ ಮೇಲೆ ಬಾಜಿ ಫೋನಿಗೆ ಬಂತು. ಗೆಲ್ಲುವುದು ಯಾರೆಂದಷ್ಟೇ ಅಲ್ಲ, ಮುಂದಿನ ಎಸೆತ ಎಷ್ಟು ವೇಗದ್ದು ಎಂಬುದರ ಮೇಲೂ ಹಣ ಕಟ್ಟಬಹುದಾಯಿತು. ನಮಗೆ ಪರಿಚಿತವಾದ ಸ್ಪಾಟ್ ಫಿಕ್ಸಿಂಗ್‌ಗೆ ಇದು ತೆರೆದ ಬಾಗಿಲು. 2025ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಇಬ್ಬರು ಪಿಚರ್‌ಗಳ ಮೇಲೆ ಎಸೆತಗಳನ್ನು ಮೊದಲೇ ಹೊಂದಿಸಿಕೊಂಡ ಆರೋಪ ದಾಖಲಾಯಿತು, ಇಬ್ಬರೂ ಅದನ್ನು ಅಲ್ಲಗಳೆದರು. ಬೆನ್ನಿಗೇ ಅಮೆರಿಕದ ಮೇಜರ್ ಲೀಗ್ ಮತ್ತು ಬಾಜಿ ಕಂಪನಿಗಳು ಒಂದು ಎಸೆತದ ಬಾಜಿಗೆ 200 ಡಾಲರ್ ಮಿತಿ ಹಾಕಿಕೊಂಡವು.

ಈ ವಿದ್ಯೆಯನ್ನು ಗಂಭೀರವಾಗಿ ಮಾಡುವವರು ಇಂದು ಟೂರ್ನಿಗೆ ಮೊದಲು ಹೆಚ್ಚು ಕಟ್ಟುವುದಿಲ್ಲ. ಟೈ ಬಿಡಿಸುವ ನಿಯಮ ಓದುತ್ತಾರೆ, ಪಿಚರ್‌ಗಳ ಪಂಚಾಂಗ ಬರೆದುಕೊಳ್ಳುತ್ತಾರೆ, ಗುಂಪಿನ ಕೊನೆಯ ದಿನಕ್ಕೆ ಕಾಯುತ್ತಾರೆ. ಅಂದು ಒಂದು ತಂಡಕ್ಕೆ ಗೆಲುವು ಬೇಕಿರುತ್ತದೆ, ಎದುರಾಳಿಗೆ ಕಡಿಮೆ ರನ್ ಕೊಟ್ಟು ಸೋತರೂ ಸಾಕಾಗಿರುತ್ತದೆ. ಆ ವ್ಯತ್ಯಾಸ ದರದಲ್ಲಿ ಪೂರ್ತಿ ಕಾಣದ ಕೆಲವು ಗಂಟೆಗಳೇ ಅವರ ಸುಗ್ಗಿ. ಅದು ದೊಡ್ಡ ಸುಗ್ಗಿಯೇನಲ್ಲ. ತಮಗೇ ಸರಿಯಾಗಿ ಗೊತ್ತಿಲ್ಲದ ಇಂಥ ಪಂದ್ಯಗಳಿಗೆ ಬಾಜಿ ಕಂಪನಿಗಳು ಲೀಗ್ ಪಂದ್ಯಕ್ಕಿಂತ ಕಡಿಮೆ ಮೊತ್ತವನ್ನೇ ಸ್ವೀಕರಿಸುತ್ತವೆ. ಸತತವಾಗಿ ಗೆಲ್ಲುವ ಗಿರಾಕಿಯನ್ನು ಗುರುತಿಸಿ ಅವನ ಮಿತಿಯನ್ನು ಇನ್ನೂ ಇಳಿಸುತ್ತವೆ.